ಊಟಿಯಿಂದ ಬರ್ಲಿಯಾರಿಗೆ ಇಳಿಯಿರಿ: ಆಲೂಗೆಡ್ಡೆ ಬೆಳೆಯುವವಳು ನೋಡಿದ ನೀಲಗಿರಿಯ ತೋಟಗಳು

ನಮ್ಮ ಕಡೆಯ ಬೇಸಾಯಗಾರರು ಊಟಿಗೆ ಹೊರಡುವ ಮುಂಚೆ ನನ್ನದೊಂದು ಮಾತು ಕೇಳಿ. ಹೂವಿನ ಮುಂದೆ ಫೋಟೋ ತೆಗೆಸಿಕೊಂಡು, ಕೆರೆಯಲ್ಲಿ ದೋಣಿ ಹತ್ತಿ, ಚಾಕೊಲೇಟ್ ಕಟ್ಟಿಸಿಕೊಂಡು, ಬಂದ ದಾರಿಯಲ್ಲೇ ಗುಂಡ್ಲುಪೇಟೆಗೆ ವಾಪಸಾಗಬೇಡಿ. ಬೆಟ್ಟದ ಆಚೆ ಮಗ್ಗುಲಿಗೆ ಇಳಿಯಿರಿ. ಊಟಿ, ಕೂನೂರು, ಬರ್ಲಿಯಾರು: ಮೇಟ್ಟುಪಾಳ್ಯಂ ಕಡೆಗೆ ಇಳಿಯುವ ಆ ಒಂದೇ ರಸ್ತೆಯ ಉದ್ದಕ್ಕೂ ತಮಿಳುನಾಡು ತೋಟಗಾರಿಕೆ ಇಲಾಖೆಯ ಉದ್ಯಾನಗಳು, ಹಣ್ಣಿನ ತೋಟಗಳು ಒಂದರ ಕೆಳಗೊಂದು ಮೆಟ್ಟಿಲಿನಂತೆ ಕೂತಿವೆ. ಮೇಲೆ 2,200 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಕ್ಯಾರೆಟ್, ಎಲೆಕೋಸು, ಆಲೂಗೆಡ್ಡೆ. ನಡುವೆ ಟೀ, ಪ್ಲಮ್, ಪೀಚ್. ಕೆಳಗೆ ಜಾಕಾಯಿ, ಲವಂಗ, ಮ್ಯಾಂಗೋಸ್ಟೀನ್. ಇಷ್ಟೆಲ್ಲ ನಲವತ್ತು ಕಿಲೋಮೀಟರಿಗೂ ಕಡಿಮೆ ದಾರಿಯಲ್ಲಿ. ಎತ್ತರ ಬದಲಾದರೆ ಬೆಳೆ ಹೇಗೆ ಬದಲಾಗುತ್ತದೆ ಎಂಬುದನ್ನು ಒಂದೇ ದಿನದಲ್ಲಿ ಕಣ್ಣಾರೆ ನೋಡಲು ನಮಗೆ ಇದಕ್ಕಿಂತ ಹತ್ತಿರದ ಜಾಗ ನನಗೆ ಗೊತ್ತಿಲ್ಲ.

ನಾವು ಅರಕಲಗೂಡು ಕಡೆಯವರು. ಮುಂಗಾರಿಗೆ ಆಲೂಗೆಡ್ಡೆ, ಅದು ಕಿತ್ತ ಮೇಲೆ ಮುಸುಕಿನ ಜೋಳ. ಗೆಡ್ಡೆಯನ್ನು ಹಾಸನದ ಮಾರುಕಟ್ಟೆಗೆ ಹಾಕಿ ಕೈ ಬಿಡುವಾದ ಮೇಲೆ, ಸೆಪ್ಟೆಂಬರಿನಲ್ಲಿ ಹೊರಟೆವು. ನಾನು, ನಮ್ಮ ಮನೆಯವರು, ಮಂಡಿ ನೋವಿನ ನಮ್ಮ ಅತ್ತೆ, ತೋಟಗಾರಿಕೆ ಓದುತ್ತಿರುವ ಮಗಳು. ಊಟಿಗೆ ಯಾರೂ ಒಬ್ಬೊಬ್ಬರೇ ಹೋಗುವುದಿಲ್ಲವಲ್ಲ, ಹಾಗಾಗಿ ಯಾವ ತೋಟ ಯಾರಿಗೆ ಹಿಡಿಸಿತು ಎನ್ನುವುದನ್ನೂ ಹೇಳುತ್ತೇನೆ.

ದಾರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ. ಹೊರಗಿನ ಗಾಡಿಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬಂದಿದೆ, ಹೊರಡುವ ಮುಂಚೆ ಫೋನಿನಲ್ಲೇ ಮಾಡಿಕೊಳ್ಳಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿ, ಕವರು ನೀಲಗಿರಿಯಲ್ಲಿ ನಿಷೇಧ. ಸ್ಟೀಲ್ ಬಾಟಲಿ, ಬಟ್ಟೆಚೀಲ ಒಯ್ದರೆ ಚೆಕ್‌ಪೋಸ್ಟಿನಲ್ಲಿ ತಕರಾರಿಲ್ಲ. ಮಸಿನಗುಡಿ ಮೇಲೆ ಕಲ್ಲಟ್ಟಿ ಘಾಟಿ ಹತ್ತಿರದ ದಾರಿಯೇನೋ ಹೌದು, ಆದರೆ ಅಲ್ಲಿ ಮೂವತ್ತಾರು ತಿರುವು, ಕಡಿದಾದ ಏರು. ವಯಸ್ಸಾದವರಿದ್ದರೆ ಗೂಡಲೂರಿನ ಮೇಲೇ ಹೋಗಿ.

ಗೂಡಲೂರಿನ ದಾರಿಗೆ ಇನ್ನೂ ಒಂದು ಕಾರಣವಿದೆ, ಅದು ನಡುವಟ್ಟಂ. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟೂ ಟೀ. ಹತ್ತೊಂಬತ್ತನೇ ಶತಮಾನದಲ್ಲಿ ಇದು ಕ್ವಿನೈನ್ ಮದ್ದು ಕೊಡುವ ಸಿಂಕೋನಾ ಮರ ಬೆಳೆದ ಜಾಗ. ಮಲೇರಿಯಾಕ್ಕೆ ಕ್ವಿನೈನ್ ಬಿಟ್ಟರೆ ಬೇರೆ ಮದ್ದಿಲ್ಲದಿದ್ದ ಕಾಲ ಅದು. ದಕ್ಷಿಣ ಅಮೆರಿಕದಿಂದ 1860ರ ಹೊತ್ತಿಗೆ ಸಿಂಕೋನಾದ ಸಸಿ, ಬೀಜಗಳನ್ನು ಇಲ್ಲಿಗೆ ತಂದರು. ಅವನ್ನು ಬದುಕಿಸಿ ತೋಪು ಎಬ್ಬಿಸಿದ ಮನುಷ್ಯ ವಿಲಿಯಂ ಗ್ರಹಾಂ ಮೆಕ್‌ಐವರ್. ಔಷಧ ಇರುವುದು ತೊಗಟೆಯಲ್ಲಿ. ಮರ ಕಡಿದು ತೊಗಟೆ ತೆಗೆದರೆ ಒಂದು ಸಲದ ಫಸಲಿಗೆ ಮರವೇ ಹೋಗುತ್ತದೆ. ಮೆಕ್‌ಐವರ್ ಪಟ್ಟಿ ಪಟ್ಟಿಯಾಗಿ ಸುಲಿದು, ಸುಲಿದ ಜಾಗಕ್ಕೆ ಒದ್ದೆ ಹಾವಸೆ ಹೊದಿಸಿ ಕಟ್ಟಿದರು. ತೊಗಟೆ ಮತ್ತೆ ಬೆಳೆಯಿತು, ಹೊಸ ತೊಗಟೆಯಲ್ಲಿ ಕ್ವಿನೈನಿನ ಅಂಶ ಹೆಚ್ಚೇ ಸಿಕ್ಕಿತು. ಮಗಳು ಗಾಡಿಯಲ್ಲಿ ಇದನ್ನು ಹೇಳುತ್ತಿದ್ದರೆ ನಮ್ಮ ಮನೆಯವರು ಗಾಡಿಯ ವೇಗ ಇಳಿಸಿಬಿಟ್ಟರು. ಅದೇ ಮನುಷ್ಯ ಕಟ್ಟಿದ ತೋಟ ನೋಡಲು ಹೋಗುತ್ತಿದ್ದೇವೆ ಎಂದು ತಿಳಿದ ಮೇಲೆ ಊಟಿಯ ಮೇಲೆ ನಮ್ಮ ಆಸೆಯೇ ಬೇರೆಯಾಯಿತು.

ಊಟಿಯ ಸರ್ಕಾರಿ ಸಸ್ಯೋದ್ಯಾನ ಹುಟ್ಟಿದ್ದು ತರಕಾರಿಯಿಂದ. 1845ರಲ್ಲಿ ಇಲ್ಲಿ ನೆಲೆಸಿದ್ದ ಯುರೋಪಿಯನ್ನರು ಚಂದಾ ಎತ್ತಿ, ಕಡಿಮೆ ಬೆಲೆಗೆ ಕಾಯಿಪಲ್ಲೆ ಸಿಗಲಿ ಎಂದು ಒಂದು ತೋಟ ಶುರು ಮಾಡಿದ್ದರು. ಅದು ನಡೆಯಲಿಲ್ಲ. ಆಮೇಲೆ ಸರ್ಕಾರದ ತೋಟ ಮಾಡುವುದೆಂದಾಗಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ್ದ ಮೆಕ್‌ಐವರ್ 1848ರಲ್ಲಿ ಬಂದರು. ಅವರ ಕೈಗೆ ಸಿಕ್ಕಿದ್ದು ದೊಡ್ಡಬೆಟ್ಟದ ತಪ್ಪಲಿನ ಒಂದು ಒರಟು ಇಳಿಜಾರು. ಮೇಲ್ಭಾಗ ದಟ್ಟ ಕಾಡು, ಕೆಳಭಾಗ ಜವುಗು, ನಡುವೆ ಮಳೆ ನೀರು ಕೊರೆದ ಕೊರಕಲುಗಳು. ಜವುಗು ಬಸಿದು, ಕೊರಕಲು ಮುಚ್ಚಿ, ಇಳಿಜಾರನ್ನು ಹಂತ ಮಾಡಿ ಇವತ್ತು ನಾವು ಕಾಣುವ ರೂಪಕ್ಕೆ ತರಲು ಹತ್ತು ವರ್ಷದ ಹತ್ತಿರ ಹಿಡಿಯಿತು. ಈಗ ಸುಮಾರು 22 ಹೆಕ್ಟೇರ್.

ಇದನ್ನು ತಿಳಿದು ಹೋದರೆ ಬಾಗಿಲಲ್ಲೇ ಕಾಣುವ ಆ ದೊಡ್ಡ ಹುಲ್ಲುಹಾಸು ಬೇರೆ ತರಹ ಕಾಣುತ್ತದೆ. ನಾವಿದ್ದಾಗ ಮಧ್ಯಾಹ್ನ ಜೋರು ಮಳೆ ಬಂತು. ಜನ ಮರದಡಿಗೆ ಓಡಿದರು. ನಾನು ಛತ್ರಿ ಹಿಡಿದು ನೀರು ಎಲ್ಲಿಗೆ ಹೋಗುತ್ತದೆ ಎಂದೇ ನೋಡುತ್ತಾ ನಿಂತೆ. ಮಳೆ ನಿಂತು ಒಂದು ಕಾಫಿ ಕುಡಿಯುವಷ್ಟರಲ್ಲಿ ಹುಲ್ಲಿನ ಮೇಲೆ ನಿಂತ ನೀರಿಲ್ಲ. ಜೂನ್ ಜುಲೈನಲ್ಲಿ ನಮ್ಮ ಹೊಲದಲ್ಲಿ ಎರಡು ದಿನ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಮೋಡ ಮುಸುಕಿದ ಚಳಿಗೆ ಎಲೆ ಸುಟ್ಟಂತೆ ಕಪ್ಪಾಗುವ ಅಂಗಮಾರಿ ರೋಗ ಬೇರೆ. ಬಸಿಗಾಲುವೆಯನ್ನು ಇಳಿಜಾರಿನ ಉದ್ದಕ್ಕೆ ತೆಗೆದರೆ ಮಣ್ಣು ಕೊಚ್ಚಿಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ, ಸ್ವಲ್ಪವೇ ವಾಲಿಸಿ ತೆಗೆದರೆ ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ. ಇಲಾಖೆಯವರು ತರಬೇತಿಯಲ್ಲಿ ಬೋರ್ಡಿನ ಮೇಲೆ ಗೀಟು ಎಳೆದು ಹೇಳುವ ಈ ಮಾತನ್ನು ಇಲ್ಲಿ ನೂರೆಪ್ಪತ್ತೈದು ವರ್ಷ ಹಳೆಯ ತೋಟ ಮಾಡಿ ತೋರಿಸುತ್ತದೆ. ರೈತರ ಪ್ರವಾಸ ಕರೆದುಕೊಂಡು ಹೋಗುವವರು ದಯವಿಟ್ಟು ಮಳೆಗಾಲದ ಕೊನೆಯಲ್ಲಿ ಕರೆದುಕೊಂಡು ಹೋಗಿ. ಮೇ ತಿಂಗಳ ಹೂವಿನ ಪ್ರದರ್ಶನದಲ್ಲಿ ಬಣ್ಣ ಕಾಣುತ್ತದೆ, ಜನರ ತಲೆ ಕಾಣುತ್ತದೆ, ನೀರು ಮಣ್ಣಿನ ಕೆಲಸ ಕಾಣುವುದಿಲ್ಲ.

ಅತ್ತೆಗೆ ಹಿಡಿಸಿದ್ದು ಜರೀಗಿಡದ ಮನೆ. ನೆರಳು, ತೇವ, ಎಲ್ಲೆಲ್ಲೂ ಹಸಿರು. ನಮ್ಮ ಹಳ್ಳದ ದಂಡೆಯಲ್ಲಿ ಕಾಲಿಗೆ ಸಿಕ್ಕುವ ಜರೀಗಿಡಕ್ಕೂ ಅಲ್ಲೊಂದು ಮರ್ಯಾದೆಯ ಜಾಗ ಇರುವುದು ನೋಡಿ, "ನೋಡವ್ವಾ, ಇದುನ್ನ ನಾವು ಕುಡ್ಲಲ್ಲಿ ಕಿತ್ತು ಎಸಿತೀವಿ" ಎಂದರು. ಕಲ್ಲಾಗಿ ಹೋದ ಮರದ ದಿಮ್ಮಿಯನ್ನೂ ಮುಟ್ಟಿ ನೋಡಲು ಆಸೆಪಟ್ಟರು. ಎರಡು ಕೋಟಿ ವರ್ಷ ಹಳೆಯದು ಎಂದು ಬರೆದಿದ್ದಾರೆ. ಮಂಡಿ ನೋವಿದ್ದವರು ಕೆಳಗಿನ ತೋಟ ನೋಡಿ ಅಲ್ಲೇ ಕೂರಬಹುದು, ಬೇಕಾದಷ್ಟು ಬೆಂಚುಗಳಿವೆ. ಮೇಲಿನ ಹಂತಗಳಿಗೆ, ಮೊದಲ ಮಹಾಯುದ್ಧದ ಇಟಲಿ ಸೆರೆಯಾಳುಗಳು ಮಾಡಿದ್ದೆಂದು ಹೇಳುವ ಹೂಪಾತಿಗಳಿಗೆ, ಏರು ನಡೆಯಬೇಕು. ಇನ್ನೂ ಮೇಲಕ್ಕೆ ಈ ಬೆಟ್ಟದ ಬುಡಕಟ್ಟಿನವರಾದ ತೋಡರ ಮಂದ್, ಅಂದರೆ ಹಟ್ಟಿ, ಇದೆ. ಅದು ಅವರ ಮನೆ, ಅವರ ಗುಡಿ. ನಾವು ದೂರದಿಂದ ನೋಡಿ, ಅಲ್ಲಿನ ಹೆಂಗಸರು ಕೈಯಲ್ಲಿ ಹಾಕಿದ ಕಪ್ಪು ಕೆಂಪು ಕಸೂತಿಯ ಶಾಲು ಒಂದನ್ನು ಕೊಂಡು ಇಳಿದೆವು.

ಇನ್ನು ನರ್ಸರಿಯ ವಿಷಯ. ಇದನ್ನು ನಮ್ಮ ಜಿಲ್ಲೆಯ ಪ್ರತಿಯೊಬ್ಬ ಆಲೂಗೆಡ್ಡೆ ಬೆಳೆಗಾರರೂ ಓದಬೇಕು. ನೀಲಗಿರಿಯಲ್ಲಿ ಎಲ್ಲಿ ನೋಡಿದರೂ ಕುಂಡದಲ್ಲಿ ಗಿಡ ಮಾರುತ್ತಾರೆ. ಡೇಲಿಯಾ, ಫುಕ್ಸಿಯಾ, ಜೆರೇನಿಯಂ, ಒಂದಕ್ಕಿಂತ ಒಂದು ಚೆಂದ. ಮಗಳು ಒಂದನ್ನೂ ಕೊಳ್ಳಲು ಬಿಡಲಿಲ್ಲ. ಕಾರಣ ಮಣ್ಣು. 1961ರಲ್ಲಿ ಊಟಿಯ ಒಂದು ಆಲೂಗೆಡ್ಡೆ ಹೊಲದಲ್ಲಿ ಬೇರಿಗೆ ಅಂಟುವ ಒಂದು ಜಂತುಹುಳು ಸಿಕ್ಕಿತು. ಹೆಣ್ಣು ಹುಳು ಸತ್ತ ಮೇಲೆ ಅದರ ಮೈಯೇ ಗಟ್ಟಿ ಕೋಶವಾಗುತ್ತದೆ. ಗುಂಡುಸೂಜಿಯ ತಲೆಗಿಂತ ಚಿಕ್ಕದು, ಒಳಗೆ ನೂರಾರು ಮೊಟ್ಟೆ. ಆಲೂಗೆಡ್ಡೆ ಬೆಳೆಯದೆ ಬಿಟ್ಟರೂ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ, ಇಪ್ಪತ್ತು ವರ್ಷ ದಾಟುವುದೂ ಉಂಟು. ಮತ್ತೆ ಆಲೂಗೆಡ್ಡೆ ಬೇರು ಬಂದ ಸುಳಿವು ಸಿಕ್ಕ ಕೂಡಲೇ ಮೊಟ್ಟೆ ಒಡೆಯುತ್ತದೆ. ಅದಕ್ಕೇ ನೀಲಗಿರಿಯ ಗೆಡ್ಡೆಯನ್ನು ಬಿತ್ತನೆಗೆಂದು ಹೊರಗೆ ಒಯ್ಯುವಂತಿಲ್ಲ. ಹಿಮಾಚಲದ ಕಡೆಯ ಹೊಲಗಳಲ್ಲೂ ಈ ಹುಳು ಕಂಡಿದ್ದರಿಂದ 2018ರಲ್ಲಿ ಅಲ್ಲಿನ ಬಿತ್ತನೆ ಗೆಡ್ಡೆಗೂ ಕೇಂದ್ರ ಸರ್ಕಾರ ತಡೆ ಹಾಕಿತು. ನಾವು ಜಲಂಧರ್ ಕಡೆಯ ಬಿತ್ತನೆಗೆ ಕಾದು ಕೂರುವುದರ ಹಿಂದೆ ಇಂಥ ಕಾರಣಗಳೂ ಇವೆ.

ಊಟಿ ಹತ್ತಿರದ ಮುತ್ತೋರೈನಲ್ಲಿ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಕೇಂದ್ರ 1957ರಿಂದ ಇದೆ. ಈ ಹುಳುವನ್ನು ತಾಳಿಕೊಳ್ಳುವ ಕುಫ್ರಿ ಸ್ವರ್ಣ, ಕುಫ್ರಿ ನೀಲಿಮಾ ತಳಿಗಳು ಈ ಬೆಟ್ಟಕ್ಕೆಂದೇ ಬಂದವು. ಅದು ಪ್ರವಾಸಿಗರ ಜಾಗವಲ್ಲ. ರೈತರ ಗುಂಪಾಗಿ ಹೋಗುವುದಾದರೆ ಮೊದಲೇ ಪತ್ರ ಬರೆದು ಕೇಳಿ. ಉಳಿದಂತೆ ನೀಲಗಿರಿಯ ಹೊಲಗಳಿಗೆ ಇಳಿದವರು ಚಪ್ಪಲಿ, ಬೂಟಿನ ಮಣ್ಣು ಅಲ್ಲೇ ತೊಳೆದುಕೊಂಡು ಬನ್ನಿ. ಮಣ್ಣಿರುವ ಕುಂಡವನ್ನು ಮನೆಗೆ ತರಬೇಡಿ. ಬೀಜದ ಪೊಟ್ಟಣ ತನ್ನಿ, ಸಾಕು. ನಾವು ವಾಪಸ್ ಬರುವಾಗ ಗಾಡಿಯ ಚಕ್ರವನ್ನೂ ತೊಳೆಸಿದೆವು. ಅತಿ ಅನ್ನಿಸಬಹುದು. ಆದರೆ ಆ ಹುಳು ನಮ್ಮ ಕೆಂಪು ಮಣ್ಣಿಗೆ ಒಮ್ಮೆ ಇಳಿದರೆ ನನ್ನ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ.

ಊಟಿಯ ಗುಲಾಬಿ ತೋಟ 1995ರಲ್ಲಿ ಎಲ್ಕ್ ಹಿಲ್ ಇಳಿಜಾರಿನಲ್ಲಿ ಆಗಿದ್ದು. ಸುಮಾರು ನಾಲ್ಕು ಹೆಕ್ಟೇರ್, ಐದು ಮಜಲು, ಸಾವಿರಾರು ತಳಿಗಳು. 2006ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟದ ಪ್ರಶಸ್ತಿ ಬಂದಿದೆ. ಸೆಪ್ಟೆಂಬರಿನ ಮಳೆಗೆ ಹೂವು ನೆನೆದು ಬಾಗಿದ್ದವು. ಗುಲಾಬಿಗೆಂದೇ ಹೋಗುವವರು ಏಪ್ರಿಲ್, ಮೇ ನೋಡಿಕೊಳ್ಳಿ. ನನಗೆ ಮಾತ್ರ ಮಜಲುಗಳೇ ಸಾಕಾದವು. ಪ್ರತಿ ಮಜಲಿನ ಅಂಚು, ಅದರ ಕೆಳಗಿನ ಗೋಡೆ, ಮೇಲಿನ ನೀರು ಕೆಳಗಿನ ಪಾತಿಗೆ ನುಗ್ಗದ ಹಾಗೆ ಪಕ್ಕಕ್ಕೆ ತಿರುಗಿಸಿದ್ದು, ಇದೆಲ್ಲ ಮೇಲಿನ ಹಾದಿಯಲ್ಲಿ ನಿಂತರೆ ಒಂದೇ ನೋಟಕ್ಕೆ ಕಾಣುತ್ತದೆ. ನೀಲಗಿರಿಯಲ್ಲಿ ಮಣ್ಣು ಸವೆತ ಎಷ್ಟು ದೊಡ್ಡ ಕಷ್ಟವೆಂದರೆ, ಅದಕ್ಕೆಂದೇ ಊಟಿಯಲ್ಲಿ 1954ರಲ್ಲಿ ಒಂದು ಕೇಂದ್ರ ಶುರುವಾಯಿತು. ರಸ್ತೆ ಬದಿಯ ಕೆಲವು ತರಕಾರಿ ಹೊಲಗಳಲ್ಲಿ ಈಗಲೂ ಸಾಲು ಇಳಿಜಾರಿನ ಉದ್ದಕ್ಕೇ ಇದೆ. ಮಳೆ ನಿಂತ ಮೇಲೆ ಅಂಥ ಹೊಲದ ಕೆಳಗಿನ ಚರಂಡಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಅದನ್ನು ನೋಡಿ, ಆಮೇಲೆ ಗುಲಾಬಿ ತೋಟದ ಮಜಲುಗಳನ್ನು ನೋಡಿದರೆ ಯಾರೂ ವಿವರಿಸಬೇಕಾಗಿಲ್ಲ.

ಫರ್ನ್‌ಹಿಲ್‌ನಲ್ಲಿ ನಮ್ಮ ಕರ್ನಾಟಕ ತೋಟಗಾರಿಕೆ ಇಲಾಖೆಯದೇ ಒಂದು ತೋಟವಿದೆ, ಕರ್ನಾಟಕ ಸಿರಿ. 38 ಎಕರೆ. 2018ರಿಂದ ಜನರಿಗೆ ತೆರೆದಿದೆ. ತೂಗುಸೇತುವೆ, ಗಾಜಿನ ಮನೆ, ಕತ್ತರಿಸಿ ಆಕಾರ ಕೊಟ್ಟ ಗಿಡಗಳು, ಪಕ್ಕದಲ್ಲಿ ಟೀ. ಮಕ್ಕಳಿರುವ ಮನೆಯವರಿಗೆ ಊಟಿಯಲ್ಲಿ ಇದಕ್ಕಿಂತ ಹಾಯಾದ ಜಾಗವಿಲ್ಲ. ಸಸ್ಯೋದ್ಯಾನದಷ್ಟು ನೂಕುನುಗ್ಗಲು ಇರಲಿಲ್ಲ. ಕೆಲಸದವರ ಜೊತೆ ಕನ್ನಡದಲ್ಲೇ ಮಾತಾಡಿ ಬೇಕಾದ್ದನ್ನು ಕೇಳಿ ತಿಳಿದುಕೊಂಡೆವು. ನನಗೊಂದು ಆಸೆ ಇದೆ. ನಮ್ಮ ಇಲಾಖೆಯ ತೋಟ, ನಮ್ಮ ಜನವೇ ಹೆಚ್ಚು ಬರುವ ಜಾಗ. ಅಲ್ಲೊಂದು ಅರ್ಧ ಎಕರೆಯಲ್ಲಿ ಬೆಟ್ಟದ ತರಕಾರಿ, ಬೆಳ್ಳುಳ್ಳಿ, ಅವುಗಳ ಪಕ್ಕ ಕನ್ನಡದಲ್ಲಿ ಬಿತ್ತನೆ ಕಾಲ, ಗೊಬ್ಬರ, ರೋಗ ಬರೆದ ಫಲಕ ಇದ್ದರೆ ಚಾಮರಾಜನಗರದಿಂದ ಹಾಸನದವರೆಗಿನ ರೈತರಿಗೆ ಎಷ್ಟು ಉಪಕಾರ! ಈ ಸುತ್ತಾಟದಲ್ಲಿ ಒಂದು ತೋಟದಲ್ಲಂತೂ ನೂರಾರು ಮರಗಳಿಗೆ ಲ್ಯಾಟಿನ್ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ, ಕೆಲವು ಫಲಕಗಳ ಅಕ್ಷರವೂ ಅಳಿಸಿತ್ತು. ಮಗಳು ಜೊತೆಗಿಲ್ಲದಿದ್ದರೆ ಅತ್ತೆಗೂ ನನಗೂ ಅಲ್ಲಿದ್ದದ್ದು ಬರೀ ಮರ. ಟಿಕೆಟ್ ಕೊಟ್ಟು ಒಳಗೆ ಬಂದವರಿಗೆ ಆ ಮರದ ಊರು ಯಾವುದು, ಉಪಯೋಗ ಏನು ಎಂದು ಜನರ ಭಾಷೆಯಲ್ಲಿ ಎರಡು ಸಾಲು ಸಿಗಬೇಕು. ಇದು ದೊಡ್ಡ ಖರ್ಚಿನ ಕೆಲಸವಲ್ಲ.

ಮಾರನೇ ದಿನ ಕೂನೂರಿಗೆ. ರೈಲಿನಲ್ಲೂ ಹೋಗಬಹುದು, ಚೆನ್ನಾಗಿರುತ್ತದೆ. ನಾವು ನಿಲ್ಲಿಸಿ ನಿಲ್ಲಿಸಿ ಹೋಗಬೇಕೆಂದು ಗಾಡಿಯಲ್ಲೇ ಹೋದೆವು. ಬೆಳಗಿನ ಟೀ ಜೊತೆ ವರ್ಕಿ ತಿನ್ನಿ, ಪದರ ಪದರವಾಗಿ ಉದುರುವ ಊಟಿಯ ಬಿಸ್ಕತ್ತು, ಬೇಕರಿಯಿಂದ ಬಂದ ಬಿಸಿಯಲ್ಲೇ ತಿನ್ನಬೇಕು.

ಕೇತ್ತಿ ಕಣಿವೆಯ ಹತ್ತಿರ ಒಬ್ಬ ಬಡಗ ಹೆಂಗಸು ಸೊಪ್ಪಿನ ಸಮೇತ ಕ್ಯಾರೆಟ್ ಕಟ್ಟು ಹಿಡಿದು ರಸ್ತೆ ಬದಿ ಕೂತಿದ್ದರು. ಬಿಳಿ ಸೀರೆ, ತಲೆಗೆ ಬಿಳಿ ಬಟ್ಟೆ, ನಮ್ಮ ಅತ್ತೆಯ ವಯಸ್ಸು. ಅವರು ಬಡಗ ಮಾತಿನಲ್ಲಿ, ಅತ್ತೆ ನಮ್ಮೂರ ಮಾತಿನಲ್ಲಿ, ಇಬ್ಬರೂ ನಿಧಾನವಾಗಿ ಮಾತಾಡಿದರು. ಮುಕ್ಕಾಲು ಪಾಲು ಅರ್ಥವಾಯಿತು, ಉಳಿದದ್ದಕ್ಕೆ ಕೈ ಸನ್ನೆ. ನಾವೂ ಆಲೂಗೆಡ್ಡೆಯವರು ಎಂದ ಕೂಡಲೇ ಅವರು ಕ್ಯಾರೆಟ್ ಬದಿಗಿಟ್ಟರು. ವರ್ಷದಲ್ಲಿ ಮೂರು ಸಲ ಹಾಕುವ ಕಾಲ ಬರುತ್ತದಂತೆ: ಏಪ್ರಿಲ್ಲಿನಲ್ಲಿ, ಆಗಸ್ಟಿನಲ್ಲಿ, ನೀರಿದ್ದವರಿಗೆ ಜನವರಿಯಲ್ಲಿ. ಆದರೆ ಒಂದೇ ಹೊಲಕ್ಕೆ ಮತ್ತೆ ಮತ್ತೆ ಆಲೂಗೆಡ್ಡೆ ಹಾಕುವುದಿಲ್ಲ. ನಡುವೆ ಕ್ಯಾರೆಟ್, ಬೆಳ್ಳುಳ್ಳಿ, ಎಲೆಕೋಸು ಬರಬೇಕು. ಜಂತುಹುಳುವಿಗೆ ಅವರ ಮದ್ದು ಅದು. "ಅಕ್ಕಾ, ನೀವು ಗೆಡ್ಡೆ ಬೆಳೆಯೋದನ್ನ ಬಿಟ್ಟು ಟೀ ಹಾಕಲಿಲ್ವಾ?" ಎಂದು ಕೇಳಿದೆ. ಮೇಲಿನ ಹೊಲ ಟೀ, ಮನೆ ಹತ್ತಿರದ ಹೊಲ ತರಕಾರಿ ಎಂದು ಬೆಟ್ಟದ ಕಡೆ ಕೈ ತೋರಿಸಿದರು. ಮಂಜು ಬಿದ್ದು ಸೊಪ್ಪು ಸುಡುವ ಡಿಸೆಂಬರ್, ಜನವರಿಯ ರಾತ್ರಿಗಳ ವಿಷಯ ಹೇಳುವಾಗ ಅವರ ಮುಖ ಸಪ್ಪಗಾಯಿತು. ನಮಗೆ ಆ ಕಷ್ಟವಿಲ್ಲ, ನಮ್ಮ ಕಷ್ಟ ಅಂಗಮಾರಿ. ಅಷ್ಟು ಹೊತ್ತಿನ ಮಾತು ಯಾವ ತೋಟದ ಟಿಕೆಟ್ಟಿಗೂ ಸಿಗುವುದಿಲ್ಲ. ಕ್ಯಾರೆಟ್ಟನ್ನು ಅಲ್ಲೇ ತೊಳೆಸಿ ತಂದೆವು.

ಕೂನೂರಿನ ಸಿಮ್ಸ್ ಪಾರ್ಕ್ ನನ್ನ ಮನಸ್ಸು ಗೆದ್ದ ತೋಟ. 1874ರಲ್ಲಿ ಮದ್ರಾಸ್ ಸರ್ಕಾರದ ಕಾರ್ಯದರ್ಶಿಯಾಗಿದ್ದ ಜೆ. ಡಿ. ಸಿಮ್ ಮತ್ತು ಮೇಜರ್ ಮರ್ರೆ ಶುರು ಮಾಡಿದ್ದು. ಊಟಿಯಲ್ಲಿ ನೆಲವನ್ನು ತಿದ್ದಿ ತೋಟ ಮಾಡಿದರೆ, ಇಲ್ಲಿ ಒಂದು ಕಣಿವೆಯನ್ನು ಇದ್ದ ಹಾಗೇ ಇಟ್ಟುಕೊಂಡು ತೋಟ ಮಾಡಿದ್ದಾರೆ. ಬಾಗಿಲು ಮೇಲೆ, ಕೆರೆ ಕೆಳಗೆ, ಹಾದಿ ಸುತ್ತಿ ಸುತ್ತಿ ಇಳಿಯುತ್ತದೆ. 12 ಹೆಕ್ಟೇರಿನಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಗಿಡಮರ ಎನ್ನುತ್ತಾರೆ. ಎಣಿಸಲು ಹೋಗಲಿಲ್ಲ, ಒಂದೊಂದು ಮರದ ಬುಡದಲ್ಲಿ ನಿಂತೆವು. ಊಟಿಗಿಂತ ನಾನೂರು ಮೀಟರಿಗೂ ಹೆಚ್ಚು ಕೆಳಗಿರುವುದರಿಂದ ಹವೆ ಹದವಾಗಿದೆ, ಅಲ್ಲಿ ಮುದುಡುವ ಮರ ಇಲ್ಲಿ ಹರಡಿಕೊಂಡಿದೆ.

ಇಲ್ಲಿ ಅತ್ತೆಯನ್ನು ಹಿಡಿದು ನಿಲ್ಲಿಸಿದ್ದು ರುದ್ರಾಕ್ಷಿ ಮರ. ಕೆಳಗೆ ಬಿದ್ದ ಕಾಯಿ ಗಾಢ ನೀಲಿ, ಹೊಳಪು. ಅಷ್ಟು ವರ್ಷ ಕೊರಳಲ್ಲಿ ಮಣಿ ಹಾಕಿಕೊಂಡವರಿಗೆ ಅದು ನೀಲಿ ಹಣ್ಣಿನ ಒಳಗಿನ ಓಟೆ ಎಂದು ಗೊತ್ತಿರಲಿಲ್ಲ. ಮಗಳು ಒಂದು ಕಾಯಿಯ ತಿರುಳನ್ನು ಉಗುರಲ್ಲಿ ಕೆರೆದು ಒಳಗಿನ ಗೆರೆಗಳನ್ನು ತೋರಿಸಿದಳು. ಅತ್ತೆ ಎರಡೂ ಕೈ ಜೋಡಿಸಿ ಮರಕ್ಕೇ ನಮಸ್ಕಾರ ಮಾಡಿದರು. ಒಂದು ಎಚ್ಚರಿಕೆ: ಕೆರೆಯವರೆಗೆ ಇಳಿದವರು ಅಷ್ಟನ್ನೂ ಮತ್ತೆ ಹತ್ತಬೇಕು. ನಮ್ಮ ಮನೆಯವರು ಅತ್ತೆಯ ಜೊತೆ ಮೇಲಿನ ಹಾದಿಯಲ್ಲೇ ಉಳಿದರು. ಮೇಲೂ ದೊಡ್ಡ ಮರಗಳಿವೆ, ನಷ್ಟವಿಲ್ಲ.

ಪಾರ್ಕಿನ ಹತ್ತಿರವೇ ಹಣ್ಣಿನ ಬೆಳೆಗಳ ಕೇಂದ್ರವೂ ಇದೆ, 1920ರಿಂದ. ಪ್ಲಮ್, ಪೀಚ್, ಪಿಯರ್, ಪರ್ಸಿಮನ್. ಈ ಗಿಡಗಳಿಗೆ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವಷ್ಟು ತಂಪು ಬೇಕು, ಆ ತಂಪು ಸಿಗದಿದ್ದರೆ ಹೂ ಸರಿಯಾಗಿ ಬಿಡುವುದಿಲ್ಲ. ಹಾಸನದಲ್ಲಿ ಮನೆ ಮುಂದೆ ಸೇಬು ನೆಟ್ಟು ಬರೀ ಎಲೆ ನೋಡುತ್ತಿರುವವರು ನಮ್ಮ ಪರಿಚಯದಲ್ಲೇ ಇದ್ದಾರೆ, ಅವರಿಗೆ ಇದನ್ನು ಹೇಳಬೇಕು. ಮೇ ಕೊನೆಯಲ್ಲಿ ಸಿಮ್ಸ್ ಪಾರ್ಕಿನಲ್ಲಿ ಹಣ್ಣಿನ ಪ್ರದರ್ಶನ ನಡೆಯುತ್ತದೆ.

ಕೂನೂರಿನಿಂದ ಕೆಳಗೆ ಬರ್ಲಿಯಾರು. ಹೆಚ್ಚಿನವರು ಇಲ್ಲಿ ಟೀ ಕುಡಿಯಲು, ಹಲಸು ತಿನ್ನಲು, ಮಂಗಗಳ ಕಾಟ ನೋಡಲು ನಿಲ್ಲುತ್ತಾರೆ. ರಸ್ತೆ ಪಕ್ಕದಲ್ಲೇ 1871ರಲ್ಲಿ ಶುರುವಾದ ಸರ್ಕಾರಿ ತೋಟವಿದೆ. ಇಷ್ಟು ದೂರ ಬಂದು ಇದನ್ನು ಬಿಟ್ಟು ಹೋಗಬೇಡಿ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೊರಟವರು ಇಲ್ಲಿ ಸೆರಗಲ್ಲಿ ಬೆವರು ಒರೆಸಿಕೊಂಡೆವು. ಜಾಕಾಯಿ ಮರಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜದ ಸಸಿ ನೆಟ್ಟು ಆರೇಳು ವರ್ಷ ಸಾಕಿ, ಹೂ ಬಿಟ್ಟಾಗ ಅದು ಗಂಡೆಂದು ತಿಳಿದರೆ ರೈತನ ಗತಿಯೇನು? ಅದಕ್ಕೇ ಕಸಿ ಗಿಡವನ್ನೇ ನೆಡಬೇಕು. ಜಾಕಾಯಿ ಹಾಕುವ ಆಸೆಯಿರುವ ಸಕಲೇಶಪುರದ ಕಡೆಯ ನಮ್ಮ ನೆಂಟರಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ.

ಮ್ಯಾಂಗೋಸ್ಟೀನ್ ಇಲ್ಲಿನ ರಾಣಿ. ನಮ್ಮ ಪುನರ್ಪುಳಿಯ ಬಳಗದ ಮರ. ದಪ್ಪ ಹೊಳೆಯುವ ಎಲೆ, ನೇರಳೆ ಬಣ್ಣದ ಹಣ್ಣು. ಹಣ್ಣಿನ ತಳದಲ್ಲಿ ಹೂವಿನ ಗುರುತು ಉಳಿದಿರುತ್ತದೆ. ಅದರಲ್ಲಿ ಎಷ್ಟು ದಳವಿದೆಯೋ ಒಳಗೆ ಅಷ್ಟೇ ತೊಳೆ. ಮಗಳು ಒಡೆಯುವ ಮುಂಚೆಯೇ ಆರು ಎಂದು ಹೇಳಿ ಒಡೆದಳು, ಆರೇ ಇತ್ತು. ಇದರ ಬೀಜ ಪರಾಗಸ್ಪರ್ಶವಿಲ್ಲದೆ ಆಗುವುದರಿಂದ ಬೀಜದ ಸಸಿಯೂ ತಾಯಿ ಮರದ ಗುಣವನ್ನೇ ಹೊತ್ತಿರುತ್ತದೆ. ಫಲಕ್ಕೆ ಮಾತ್ರ ಏಳೆಂಟು ವರ್ಷ, ಕೆಲವೊಮ್ಮೆ ಹತ್ತು ವರ್ಷ ಕಾಯಬೇಕು.

ಇಲ್ಲೇ ನಮ್ಮ ಮನೆಯವರು ಒಂದು ಪ್ರಶ್ನೆ ಎತ್ತಿದರು. ಬರ್ಲಿಯಾರು ಸಾವಿರ ಮೀಟರಿಗೂ ಕೆಳಗಿದೆ, ನಮ್ಮ ಅರಕಲಗೂಡೂ ಹೆಚ್ಚುಕಡಿಮೆ ಅದೇ ಲೆಕ್ಕ. ಎತ್ತರವೇ ಬೆಳೆ ತೀರ್ಮಾನಿಸುವುದಾದರೆ ಇಲ್ಲಿ ಬೆಳೆದದ್ದು ನಮ್ಮಲ್ಲಿ ಯಾಕೆ ಬೆಳೆಯಬಾರದು? ಮಗಳು ಸುತ್ತ ತೋರಿಸಿದಳು. ಎರಡೂ ಕಡೆ ಬೆಟ್ಟ, ನಡುವೆ ಹಳ್ಳ, ಮುಂಗಾರು ಮುಗಿದ ಮೇಲೂ ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಇಲ್ಲಿ ಜೋರಾಗಿ ಸುರಿಯುತ್ತದೆ, ಬೇಸಗೆಯಲ್ಲೂ ಕಣಿವೆಯ ತೇವ ಆರುವುದಿಲ್ಲ. ನಮ್ಮಲ್ಲಿ ಜನವರಿಯಿಂದ ಏಪ್ರಿಲ್ಲಿನವರೆಗೆ ಒಣ ಗಾಳಿ, ಬೋರ್‌ವೆಲ್ಲಿನ ನೀರು. ಈ ಮರದ ಬೇರು ಮೇಲಮೇಲೇ ಇರುವುದರಿಂದ ಆ ಒಣಗು ತಡೆಯುವುದಿಲ್ಲ. ಮೇಲೆ ಊಟಿಯಿಂದ ಎತ್ತರವನ್ನೇ ಲೆಕ್ಕ ಹಾಕುತ್ತಾ ಇಳಿದವರಿಗೆ ಕೊನೆಯ ತೋಟದಲ್ಲಿ ಮಳೆ ಮತ್ತು ತೇವದ ಲೆಕ್ಕವೂ ಸೇರಿತು. ಹೇಮಾವತಿ ನಾಲೆಯ ಪಕ್ಕದ ಅಡಿಕೆ ತೋಟದವರು, ನೆರಳಿದ್ದವರು, ಒಂದೆರಡು ಗಿಡ ಹಾಕಿ ನೋಡಬಹುದು ಎಂದಳು. ಹೊಲದವರಿಗೆ ಬೇಡ.

ಮ್ಯಾಂಗೋಸ್ಟೀನಿಗೆಂದೇ ಹೋಗುವವರು ಜುಲೈ, ಆಗಸ್ಟಿನಲ್ಲಿ ಹೋಗಿ, ನಮಗೆ ಸಿಕ್ಕಿದ್ದು ಕೊನೆಯ ಹಣ್ಣುಗಳು. ಇನ್ನೂ ಕೆಳಗೆ ಕಲ್ಲಾರಿನಲ್ಲಿ 1900ರ ಇನ್ನೊಂದು ಹಳೆಯ ತೋಟವಿದೆ. ಅದು ಆನೆಗಳು ಓಡಾಡುವ ದಾರಿಯಲ್ಲಿರುವುದರಿಂದ ಒಳಗೆ ಬಿಡುತ್ತಾರೋ ಇಲ್ಲವೋ ಕೂನೂರಿನಲ್ಲೇ ವಿಚಾರಿಸಿ. ನಾವು ಅಲ್ಲಿ ನಿಲ್ಲಲಿಲ್ಲ. ಮೇಟ್ಟುಪಾಳ್ಯಂನಿಂದ ಸತ್ಯಮಂಗಲ, ದಿಂಬಂ ಘಾಟಿ ಹತ್ತಿ ಚಾಮರಾಜನಗರಕ್ಕೆ ಬಂದೆವು. ಆ ಕಾಡಿನ ರಸ್ತೆಯಲ್ಲೂ ರಾತ್ರಿ ಸಂಚಾರಕ್ಕೆ ತಡೆಯಿದೆ, ಹಾಗಾಗಿ ಬರ್ಲಿಯಾರನ್ನು ಮಧ್ಯಾಹ್ನದ ಊಟದೊಳಗೆ ನೋಡಿ ಮುಗಿಸಿ.